ಅಕ್ಷರ ತೆಗೆದ ಇಸ್ಪೀಟು

ಭಾವನ ಮುಖ ಕಂಡರೆ ಗಂಟಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಊಟದ ಗಂಟೆ ಹೊಡೆದ ಕೂಡಲೇ ಅವಳ ಕಣ್ಣು ಹುಡುಕುತ್ತಿದ್ದುದು ಆ ಮುಖವನ್ನೇ.

ದಾರದ ಕಾರ್ಖಾನೆಯಲ್ಲಿ ಅವನು ಬಣ್ಣದ ಮೇಸ್ತ್ರಿ. ಅವಳು ನೂಲು ಸುತ್ತುವ ಯಂತ್ರದ ಮುಂದೆ ನಿಂತು ಹರಿದ ಎಳೆಗೆ ಗಂಟು ಹಾಕುವವಳು. ರೆಪ್ಪೆ ಬಡಿಯುವುದರೊಳಗೆ ಗಂಟು ಬೀಳುತ್ತಿದ್ದುದರಿಂದ ಜೊತೆಯ ಹೆಂಗಸರು ಅವಳಿಗೆ ಗಂಟಕ್ಕ ಅಂತಲೇ ಹೆಸರಿಟ್ಟಿದ್ದರು. "ಎಳೆಗೂ ಗಂಟು, ಮುಖಕ್ಕೂ ಗಂಟು" ಎಂದು ಬೆನ್ನ ಹಿಂದೆ ನಗುತ್ತಿದ್ದುದೂ ಉಂಟು. ಅವಳ ಗಂಡ ಅದೇ ಕಾರ್ಖಾನೆಯಲ್ಲಿ ತನ್ನ ಅಣ್ಣನಾದ ಈ ಮೇಸ್ತ್ರಿಯ ಕೈಕೆಳಗೆ ಇದ್ದ. ಬಣ್ಣದಲ್ಲಿ ಬೆಂದು, ಒಣಗಿ ಬಂದ ದಾರದ ಉಂಡೆಗಳನ್ನು ತಂದು ಅಣ್ಣನ ಮೇಜಿನ ದೀಪದ ಕೆಳಗೆ ಇಡುವುದು, ಅಣ್ಣ ಮಾದರಿಗೆ ಹೋಲಿಸಿ ನೋಡಿ "ಸರಿ" ಎಂದರೆ ಮುದ್ರೆ ಒತ್ತಿ ಪೆಟ್ಟಿಗೆ ಕಟ್ಟುವುದು, ಇದಿಷ್ಟು ಅವನ ಕೆಲಸ. ಬಣ್ಣದ ಪುಡಿ ಗಂಟಲಿಗೆ ಇಳಿದು ಅಲ್ಲಿ ಅವನಿಗೆ ಯಾವಾಗಲೂ ಕೆಮ್ಮು. ಮೇಸ್ತ್ರಿಯ ಕೋಣೆಯ ಗಾಜಿನ ಗೋಡೆಯ ಆಚೆಯಿಂದ ಆ ಕೆಮ್ಮು ಕೇಳಿದಾಗಲೆಲ್ಲ ಗಂಟಕ್ಕನ ಕರುಳು ಚುರುಕ್ ಎನ್ನುತ್ತಿತ್ತು. ದಿನಾ ಬೆಳಿಗ್ಗೆ ಎದ್ದು ಫ್ಲಾಸ್ಕಿಗೆ ಬಿಸಿನೀರು ತುಂಬಿ ಅವನ ಚೀಲಕ್ಕೆ ಹಾಕುತ್ತಿದ್ದಳು.

ಈಗ ಆ ಫ್ಲಾಸ್ಕು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಕೋಟು ಹೊಲಿಯುವವರು ಕೇಳಿದ್ದು ಕಂದು ದಾರ, ಹೋದದ್ದು ಪಾಚಿ ಹಸಿರು. ಕಂದು ಬಟ್ಟೆಯ ಮೇಲೆ ಹಸಿರು ಹೊಲಿಗೆ ಹರಿದಾಡಿದ ಕೋಟುಗಳನ್ನು ಅವರು ತಂದು ಮಾಲೀಕರ ಮೇಜಿನ ಮೇಲೆ ಎಸೆದರು. ಮಾಲೀಕರು ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ತಡವರಿಸಲಿಲ್ಲ. "ನಾನು ಸರಿ ಅಂದಿದ್ದು ಕಂದು ದಾರಕ್ಕೆ. ಕಟ್ಟುವಾಗ ಅದಲು ಬದಲು ಮಾಡಿದ್ದು ನನ್ನ ತಮ್ಮ. ತಮ್ಮ ಅಂತ ನನ್ನ ಮುಖ ನೋಡಬೇಡಿ, ಕಳಿಸಿಬಿಡಿ" ಎಂದ. ಕಳಿಸಿಬಿಟ್ಟರು. ಗೇಟಿನ ಕಾವಲುಗಾರ, ಎಷ್ಟೋ ವರ್ಷ ನಮಸ್ಕಾರ ಹೊಡೆದವನು, ಆವತ್ತು ಅವನ ಚೀಲ ಬಿಚ್ಚಿಸಿ, ಊಟದ ಡಬ್ಬಿಯ ಮುಚ್ಚಳ ತೆಗೆಸಿ ನೋಡಿ ಹೊರಗೆ ಬಿಟ್ಟ.

ಗಂಡ ಮನೆಗೆ ಬಂದು "ಕಣ್ಣು ತಪ್ಪಿತು" ಎಂದ. ಅಷ್ಟೇ.

"ನಿಮ್ಮ ಕಣ್ಣಾ? ನನ್ನ ಬಟ್ಟೆ ಒಂದು ಒಗೆತಕ್ಕೆ ಬಣ್ಣ ಬಿಟ್ಟಿದೆ ಅಂತ ಬಾಗಿಲಲ್ಲಿ ನಿಂತೇ ಹೇಳೋರು ನೀವು! ಅಣ್ಣನ ತಪ್ಪನ್ನ ತಲೆ ಮೇಲೆ ಹೊತ್ಕೊಂಡು ಬಂದಿದೀರಿ, ನನಗೆ ಗೊತ್ತಾಗಲ್ವಾ?"

"ಬಿಟ್ಬಿಡೇ."

"ಬಿಡೋಕೆ ಇನ್ನೇನಿದೆ? ಕೆಲಸ ಬಿಡ್ತು, ಮರ್ಯಾದೆ ಬಿಡ್ತು. ಕೆಮ್ಮೊಂದು ಬಿಟ್ಟಿದ್ದು ಪುಣ್ಯ."

ನಿಜಕ್ಕೂ ಮನೆ ಸೇರಿದ ಮೇಲೆ ಅವನಿಗೆ ಒಂದು ಕೆಮ್ಮೂ ಬಂದಿರಲಿಲ್ಲ. ಪುಡಿಯ ಗಾಳಿ ತಪ್ಪಿತಲ್ಲ ಎಂದುಕೊಂಡಳು ಗಂಟಕ್ಕ. ಅವನ ಮೌನವನ್ನು ಒಳ್ಳೆಯತನ ಎಂದು ತಿಳಿದು, ಆ ಒಳ್ಳೆಯತನಕ್ಕೂ ಸೇರಿಸಿ ಭಾವನ ಮೇಲೆ ಹಲ್ಲು ಕಡಿದಳು. ಅದೇ ಗೇಟಿನಿಂದ ಗಂಡ ಮತ್ತೆ ಒಳಗೆ ಬರಬೇಕು, ಬಾಗಿಲು ತೆಗೆಸುವುದು ಭಾವನೇ ಆಗಬೇಕು. ಉಂಡರೂ ಮಲಗಿದರೂ ಅವಳಿಗೆ ಅದೊಂದೇ ಧ್ಯಾನ.

ಮೇಸ್ತ್ರಿಯ ಗಾಜಿನ ಕೋಣೆಯಲ್ಲಿ, ಬಣ್ಣ ಬೆರೆಸುವ ಯಂತ್ರಕ್ಕೆ ಅಂಟಿಕೊಂಡು ಒಂದು ಹಳೆಯ ಕಂಪ್ಯೂಟರ್ ಇತ್ತು. ಚಿತ್ರವಿಲ್ಲ, ಮೌಸಿಲ್ಲ, ಬರೀ ಕಪ್ಪು ಪರದೆ. ದಾರದ ನಂಬರು ಒತ್ತಿದರೆ ಯಾವ ಬಣ್ಣ ಎಷ್ಟು ಬೆರೆಸಬೇಕೆಂದು ಸಾಲಾಗಿ ಅಕ್ಷರ ಮೂಡುತ್ತಿತ್ತು. ಊಟದ ಹೊತ್ತಿನಲ್ಲಿ ಭಾವ ಅದರಲ್ಲಿ ಒಬ್ಬನೇ ಇಸ್ಪೀಟು ಆಡುತ್ತಿದ್ದ. ಆ ಆಟದಲ್ಲಿ ಎಲೆಗಳಿಗೆ ರೂಪವಿಲ್ಲ. ರಾಜನೂ ಇಲ್ಲ, ರಾಣಿಯೂ ಇಲ್ಲ. ಒಂದು ಅಂಕಿ, ಅದರ ಪಕ್ಕ ಆಟೀನೋ ಇಸ್ಪೀಟೋ ಎಂದು ತಿಳಿಸುವ ಒಂದು ಅಕ್ಷರ. ಅಂಥವು ಏಳು ಸಾಲು ಇಳಿಬಿದ್ದಿರುತ್ತಿದ್ದವು. ಕೆಂಪಿನ ಮೇಲೆ ಕಪ್ಪು, ಕಪ್ಪಿನ ಮೇಲೆ ಕೆಂಪು ಇಡುತ್ತಾ ಇಳಿಯಬೇಕು. ಕಪ್ಪು ಪರದೆಯ ಮೇಲೆ ಕಪ್ಪು ಕಾಣುವುದಿಲ್ಲವಲ್ಲ, ಅದಕ್ಕೆ ಕಪ್ಪೆಲೆಗಳಿಗೆಲ್ಲ ಹಸಿರು ಬಣ್ಣ ಕೊಟ್ಟಿದ್ದರು. ಭಾವ ಒಂದೊಂದು ಎಲೆಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಅಕ್ಷರ ಕಲಿಯುವ ಮಗುವಿನ ಹಾಗೆ ಓದಿ ಆಡುತ್ತಿದ್ದ.

ಈಚೆಗೆ ಅವನಿಗೆ ಹೊಸದೊಂದು ಚಾಳಿಯೂ ಶುರುವಾಗಿತ್ತು. ದಾರದ ಉಂಡೆ ಕೈಯಲ್ಲಿ ಹಿಡಿದು, ಹತ್ತಿರ ಸುಳಿದ ಹೆಂಗಸರನ್ನು ಕರೆದು, "ಏನಮ್ಮ, ಇದು ಯಾವ ಬಣ್ಣ ಹೇಳು ನೋಡೋಣ. ದಿನಾ ಸುತ್ತುತ್ತೀರಿ, ಒಂದಿಷ್ಟು ಕಲಿಯೋದು ಬೇಡ್ವಾ?" ಎನ್ನುತ್ತಿದ್ದ. ಅವರು ಹೇಳಿದರೆ "ಪರವಾಗಿಲ್ಲ, ತಲೆ ಇದೆ" ಎಂದು ಬೆನ್ನು ತಟ್ಟುತ್ತಿದ್ದ. ಹೆಂಗಸರು ಉಬ್ಬುತ್ತಿದ್ದರು. ಗಂಟಕ್ಕನನ್ನು ಮಾತ್ರ ಅವನು ಒಂದು ದಿನವೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಕಂಪ್ಯೂಟರ್ ರಿಪೇರಿಯವನು ಬಂದು ಕೀಲಿಮಣೆಯೊಳಗಿನ ಬಣ್ಣದ ಪುಡಿ ಊದಿ ತೆಗೆಯುತ್ತಿದ್ದ. ಭಾವ ಮಾಲೀಕರ ಕೋಣೆಗೆ ಹೋಗಿದ್ದ. ಗಂಟಕ್ಕ ಕಸ ಗುಡಿಸುವ ನೆಪ ಮಾಡಿಕೊಂಡು ಒಳಗೆ ಬಂದಳು.

"ಈ ಆಟ ಹಾಕ್ಕೊಟ್ಟೋನು ನೀನೇನಾ? ಕಣ್ಣಿಗೆ ಒಂದು ಚೆಂದ ಇಲ್ಲ."

ಅವನಿಗೆ ಚುಚ್ಚಿದಂತಾಯಿತು. "ಚೆಂದ ಇತ್ತಕ್ಕ! ಅಕ್ಷರಾನೇ ಇರಲಿಲ್ಲ. ಬರೀ ಬಣ್ಣ. ಕೆಂಪಲ್ಲಿ ಒಂದು ಗಾಢ, ಒಂದು ತಿಳಿ, ಹಸಿರಲ್ಲೂ ಹಂಗೇ. ಬಣ್ಣದ ಮೇಸ್ತ್ರಿ ಅಲ್ವಾ, ಬಣ್ಣದಲ್ಲೇ ಆಡ್ಲಿ ಅಂತ ಮಾಡಿದ್ದೆ. ಒಂದು ಆಟಾನೂ ಆಡ್ಲಿಲ್ಲ ಪುಣ್ಯಾತ್ಮ. ‘ಇದೇನು ದರಿದ್ರ, ಅಕ್ಷರ ಹಾಕು’ ಅಂತ ಮೈಮೇಲೆ ಬಂದ್ರು. ಈಗಲೂ ಈ ಕೀಲಿ ಒತ್ತಿದ್ರೆ ಅಕ್ಷರ ಹೋಗುತ್ತೆ, ನೋಡಿ."

ಒತ್ತಿ ತೋರಿಸಿದ. ಅಕ್ಷರಗಳು ಮಾಯವಾದವು, ಅಂಕಿಗಳು ಕೆಂಪು ಹಸಿರಾಗಿ ಹೊಳೆದವು. ಇನ್ನೊಂದು ಸಲ ಒತ್ತಿ ಮೊದಲಿನಂತೆ ಮಾಡಿಟ್ಟ. ಗಂಟಕ್ಕ ಪೊರಕೆ ಹಿಡಿದು ನಿಂತಲ್ಲೇ ನಿಂತಳು. ಬಣ್ಣದ ಮೇಸ್ತ್ರಿಗೆ ಬಣ್ಣದ ಆಟ ಬೇಡವಾಯಿತು. ಬಂದವರನ್ನೆಲ್ಲ ಹಿಡಿದು ಬಣ್ಣ ಕೇಳುತ್ತಾನೆ. ಕಂದು ಯಾವುದು, ಹಸಿರು ಯಾವುದು ಅವನಿಗೆ ಕಾಣುವುದೇ ಇಲ್ಲ! ಒಂದೊಂದೇ ಎಳೆ ತಂತಾನೇ ಬಂದು ಅವಳ ಬೆರಳಿಗೆ ಸೇರಿತು. ಇನ್ನು ಗಂಟು ಹಾಕುವುದೊಂದೇ ಬಾಕಿ.

ಮಾರನೆಯ ದಿನ ಭಾವ ಕೈ ತೊಳೆಯಲು ಎದ್ದು ಹೋದಾಗ ಅವಳು ಒಳಗೆ ನುಗ್ಗಿ ಆ ಕೀಲಿ ಒತ್ತಿದಳು. ಅವಳ ಕೆಲಸದ ಅಂಗಿಯ ಜೇಬಿನಲ್ಲಿ ಎರಡು ಪುಟ್ಟ ಉಂಡೆಗಳಿದ್ದವು, ಒಂದು ಕಂದು, ಒಂದು ಪಾಚಿ ಹಸಿರು.

ಭಾವ ಕೈ ಒರೆಸಿಕೊಳ್ಳುತ್ತಾ ಬಂದ. "ಇಲ್ಲೇನು ಕೆಲಸ ನಿನಗೆ?"

"ನೀವು ಆಡೋದು ನೋಡೋಣ ಅಂತ ಬಂದೆ, ಭಾವ."

"ಗಂಡ ಹೊರಗೆ ಹೋಗಿದ್ದು ಸಾಲದೇನೋ ನಿನಗೆ." ಕುರ್ಚಿ ಎಳೆದು ಕೂತ. ಪರದೆ ನೋಡಿದ. ಅವನ ಬೆರಳು ಮೊದಲ ಸಾಲಿನ ಮೇಲೆ ಹೋಗಿ ಅಲ್ಲೇ ನಿಂತಿತು. ಓದಲು ಅಕ್ಷರವಿಲ್ಲ.

"ಆಡಿ ಭಾವ. ನಿಮಗೆ ತಿಳೀದ ಆಟವೇ?"

ಅವಳ ಎದುರಿಗೆ ಏಳುವಂತಿಲ್ಲ. ಆರನ್ನು ಎತ್ತಿ ಏಳರ ಮೇಲೆ ಇಟ್ಟ. ಯಂತ್ರ ಕೀಂ ಎಂದು ಕಿರುಚಿ ಎಲೆಯನ್ನು ವಾಪಸು ಕಳಿಸಿತು. ಇನ್ನೊಂದು ಸಾಲಿಗೆ ಹೋದ. ಕೀಂ. ಹತ್ತರ ಮೇಲೆ ಒಂಬತ್ತು. ಕೀಂ. ಅವನ ಕಿವಿಯ ಹಿಂದೆ ಬೆವರು ಇಳಿಯಿತು.

"ಕೆಂಪಿನ ಮೇಲೆ ಕೆಂಪು ಇಡ್ತಾ ಇದ್ದೀರಲ್ಲ."

"ಪರದೆ ಕೆಟ್ಟಿದೆ."

ಗಂಟಕ್ಕ ಜೇಬಿನಿಂದ ಎರಡು ಉಂಡೆ ತೆಗೆದು ದೀಪದ ಕೆಳಗೆ ಇಟ್ಟಳು. "ಪರದೆ ಬಿಡಿ, ಇವು ಕೆಟ್ಟಿಲ್ಲ. ಇದರಲ್ಲಿ ಕಂದು ಯಾವುದು? ದಿನಾ ನಮ್ಮನ್ನ ಕೇಳ್ತೀರಿ, ಇವತ್ತು ನೀವು ಹೇಳಿ. ಒಂದಿಷ್ಟು ಕಲಿಯೋದು ಬೇಡ್ವಾ?"

ಭಾವ ಎರಡನ್ನೂ ನೋಡಿದ. ಒಂದನ್ನು ಎತ್ತಿದ, ಇಟ್ಟ. ಆಮೇಲೆ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದ.

"ಯಾರ್‍ಯಾರಿಗೆ ಹೇಳಿದೀಯ?"

"ಇನ್ನೂ ಯಾರಿಗೂ ಇಲ್ಲ. ಮಾಲೀಕರ ಹತ್ರ ನೀವೇ ಹೋಗಿ. ತಪ್ಪು ನನ್ನದು, ತಮ್ಮನ್ನ ವಾಪಸು ಕರೆಸಿ ಅನ್ನಿ. ನೀವು ಹೋಗದಿದ್ರೆ ನಾನು ಹೋಗ್ತೀನಿ."

ಅವನು ಕಾಲಿಗೆ ಬೀಳುತ್ತಾನೆ, ಇಲ್ಲವೇ ಕೈ ಎತ್ತುತ್ತಾನೆ, ಎರಡಕ್ಕೂ ಅವಳು ತಯಾರಾಗಿ ಬಂದಿದ್ದಳು. ಅವನು ನಕ್ಕುಬಿಟ್ಟ. ಆ ನಗುವಿಗೆ ಅವಳು ತಯಾರಿರಲಿಲ್ಲ.

"ಅವನು ನಿನಗೆ ಏನೂ ಹೇಳಿಲ್ಲ, ಅಲ್ವಾ?"

"ಹೇಳೋದೇನಿದೆ? ನಿಮ್ಮ ತಪ್ಪನ್ನ ಹೊತ್ಕೊಂಡು ಬಾಯಿಗೆ ಬೀಗ ಹಾಕ್ಕೊಂಡಿದಾರೆ."

"ಬೀಗ ಹಾಕಿದ್ದು ಗಂಟಲಿಗೆ" ಎಂದ ಭಾವ. "ನನ್ನ ಕಣ್ಣು ಹುಟ್ಟಿದಾಗಿಂದ ಹಿಂಗೇ. ಅಪ್ಪನಿಗೂ ಗೊತ್ತಿರಲಿಲ್ಲ, ಅವನಿಗೊಬ್ಬನಿಗೇ ಗೊತ್ತು. ಈ ಕುರ್ಚಿ ಮೇಲೆ ನಾನು ಕೂತ ದಿನದಿಂದ ಅವನು ಪಕ್ಕದಲ್ಲಿ ನಿಂತಿದಾನೆ. ನಾನು ಉಂಡೆ ದೀಪಕ್ಕೆ ಹಿಡೀತಿದ್ದೆ. ಬಣ್ಣ ಸರಿ ಇಲ್ದಿದ್ರೆ ಕೆಮ್ಮೋನು. ಸರಿ ಇದ್ರೆ ಸುಮ್ಮನೆ ಇರೋನು."

ಮೊಳೆಯಲ್ಲಿ ನೇತಾಡುವ ಫ್ಲಾಸ್ಕು ಗಂಟಕ್ಕನ ಕಣ್ಣ ಮುಂದೆ ಬಂತು.

"ಆವತ್ತು ಪಾಚಿ ಹಸಿರು ನನ್ನ ಕೈಲಿತ್ತು. ಕಾದೆ. ಬೇಕಂತಲೇ ಜಾಸ್ತಿ ಹೊತ್ತು ಹಿಡಿದು ಕಾದೆ. ಅವನು ಕೆಮ್ಮಲಿಲ್ಲ. ಸರಿ ಅಂದೆ. ನನ್ನ ಮುಖ ನೋಡ್ಕೊಂಡೇ ಮುದ್ರೆ ಒತ್ತಿದ."

"ಸುಳ್ಳು. ಅವರು ಯಾಕೆ ಹಂಗೆ ಮಾಡ್ತಾರೆ?"

"ಆವತ್ತು ಬೆಳಿಗ್ಗೆ ಬಂದು, ‘ಅಣ್ಣ, ನನ್ನನ್ನೂ ಮೇಸ್ತ್ರಿ ಮಾಡ್ಸು’ ಅಂದ. ‘ಟಾರ್ಚಿಗೆ ಯಾರಾದ್ರೂ ಕುರ್ಚಿ ಹಾಕ್ತಾರೇನೋ’ ಅಂದೆ. ನಾಲ್ಕು ಜನ ಇದ್ರು, ನಕ್ರು." ಅದನ್ನು ಹೇಳುವಾಗಲೂ ಅವನ ತುಟಿಯಲ್ಲಿ ಆ ನಗುವಿನ ಚೂರು ಉಳಿದಿತ್ತು. "ಹೋಗು ಮಾಲೀಕರ ಹತ್ರ. ನನ್ನ ಕಣ್ಣಿನ ಕಥೆ ನೀನು ಹೇಳು. ಅವನ ಗಂಟಲಿನ ಕಥೆ ನಾನು ಹೇಳ್ತೀನಿ. ಆಮೇಲೆ ಇಬ್ಬರಿಗೂ ಗೇಟು ಇಲ್ಲ. ನಿನಗೂ ಇರುತ್ತೋ ಇಲ್ವೋ."

ಹೊರಗೆ ಯಂತ್ರಗಳು ಮತ್ತೆ ಓಡತೊಡಗಿದವು. ಗಂಟಕ್ಕ ಉಂಡೆಗಳನ್ನು ಜೇಬಿಗೆ ಹಾಕಿಕೊಂಡಳು. ಬಾಗಿಲ ಚಿಲಕಕ್ಕೆ ಕೈ ಹಾಕಿದಾಗ ಭಾವ ಹಿಂದಿನಿಂದ ಹೇಳಿದ, "ಆ ಅಕ್ಷರ ಹಾಕಿಟ್ಟು ಹೋಗು."

ಅವಳು ತಿರುಗಿದಳು. "ಯಾಕೆ? ಪಕ್ಕದಲ್ಲಿ ನಿಂತು ಕೆಮ್ಮೋರು ಯಾರಾದ್ರೂ ಸಿಕ್ತಾರೇನೋ ಹುಡುಕಿ."

ಹೋಗುವಾಗ ಗಾಜಿನ ಆಚೆ ನೋಡಿದಳು. ಅವನು ಒಂದೊಂದೇ ಕೀಲಿ ಒತ್ತುತ್ತಾ ಕೂತಿದ್ದ. ಯಂತ್ರ ಕಿರುಚುತ್ತಲೇ ಇತ್ತು.

ಸಂಜೆ ಮನೆಯಲ್ಲಿ ಗಂಡ ಕಾಲು ಮುರಿದ ಸ್ಟೂಲಿಗೆ ಮೊಳೆ ಹೊಡೆಯುತ್ತಿದ್ದ. "ಬಂದ್ಯಾ?" ಎಂದ, ತಲೆ ಎತ್ತಲಿಲ್ಲ. ಗಂಟಕ್ಕ ಚಪ್ಪಲಿಯನ್ನೂ ಬಿಡದೆ ಅವನ ಎದುರು ಕೂತು ಎರಡು ಉಂಡೆಗಳನ್ನು ಸ್ಟೂಲಿನ ಮೇಲೆ ಇಟ್ಟಳು.

"ಇದು ಯಾವ ಬಣ್ಣ?"

"ಕಂದು. ಅದು ಪಾಚಿ ಹಸಿರು." ಅರೆಗಣ್ಣಲ್ಲಿ ನೋಡಿಯೇ ಹೇಳಿದ. "ಯಾಕೆ ತಂದೆ ಇದನ್ನ?"

ಹಸಿರನ್ನು ಎತ್ತಿ, ಭಾವ ಹಿಡಿಯುವ ಹಾಗೆಯೇ ಹೆಬ್ಬೆರಳಲ್ಲಿ ತಿರುಗಿಸುತ್ತಾ, ತಲೆಯ ಮೇಲಿನ ಬಲ್ಬಿಗೆ ಹಿಡಿದಳು. ಕಣ್ಣು ಕಿರಿದು ಮಾಡಿದಳು.

"ಕಂದು" ಎಂದಳು. ಕಾದಳು.

ಸುತ್ತಿಗೆ ಅವನ ಕೈಯಲ್ಲಿ ನಿಂತಿತು. ಅವಳು ಉಂಡೆಯನ್ನು ಹಿಡಿದೇ ಇದ್ದಳು.

"ಸರಿ ಅನ್ನಲಾ?"

ಅವನು ಸುತ್ತಿಗೆ ಕೆಳಗಿಟ್ಟ. ಕೆಮ್ಮಿದ. ಕಾರ್ಖಾನೆಯಲ್ಲಿ ಗಾಜಿನ ಆಚೆಯಿಂದ ಕೇಳುತ್ತಿದ್ದ ಕೆಮ್ಮು, ಅದೇ.

"ಗೇಟು ತೆಗೆಸೋಕೆ ಹೋಗಿದ್ದೆ" ಎಂದಳು ಗಂಟಕ್ಕ. "ಚಿಲಕ ಹಾಕ್ಕೊಂಡು ಬಂದೋರು ನೀವೇ ಅಂತ ಗೊತ್ತಿರಲಿಲ್ಲ."

"ಕೇಳೇ ಇಲ್ಲಿ..."

ಅವಳು ಎದ್ದು ಮೊಳೆಯಿಂದ ಫ್ಲಾಸ್ಕು ತೆಗೆದು ಅವನ ಮಡಿಲಿಗೆ ಹಾಕಿದಳು.

"ಬಿಸಿನೀರು ನೀವೇ ಕಾಯಿಸ್ಕೊಳ್ಳಿ."