ಆರ್ಡಿಸ್ ಕ್ವಾಲೆಯ ಕಿವಿ

ಕೊಕ್ಕರೆ ಎಂಬ ಬೇಸ್‌ಬಾಲ್ ತಂಡದ ರೇಡಿಯೊ ವಿವರಣೆಕಾರನಾಗಿ ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಬಸ್ಸಿನ ಚಾಲಕಿಯನ್ನೇ ತಂಡದ ಕೋಚ್ ಎಂದು ತಿಳಿದು ಸಂದರ್ಶಿಸಿದೆ. ಅದೂ ನೇರಪ್ರಸಾರದಲ್ಲಿ, ಪೂರಾ ನಾಲ್ಕು ನಿಮಿಷ. ತಪ್ಪು ನನ್ನದೇ, ಆದರೆ ಕಣ್ಣಿಗೆ ಕಂಡದ್ದು ಹಾಗಿತ್ತು. ಇಪ್ಪತ್ತೈದು ಜನ ದಾಂಡಿಗ ಹುಡುಗರು ಬಸ್ಸಿನ ಬಾಗಿಲ ಮುಂದೆ ಸಾಲುಗಟ್ಟಿ, ಒಬ್ಬೊಬ್ಬರಾಗಿ ಕಾಲೆತ್ತಿ, ಬೂಟಿನ ತಳ ತೋರಿಸುತ್ತಿದ್ದರು. ಜೂನ್ ಬಿಸಿಲಿನಲ್ಲೂ ಕಂದು ಬಣ್ಣದ ದಪ್ಪ ಕ್ಯಾನ್ವಾಸಿನ ಕೋಟು ತೊಟ್ಟ, ಆರಡಿ ಎತ್ತರದ ಮುದುಕಿಯೊಬ್ಬರು ಆ ತಳಗಳನ್ನು ವೈದ್ಯರ ಗಾಂಭೀರ್ಯದಿಂದ ಪರೀಕ್ಷಿಸಿ, ಮುಳ್ಳಿನ ಬೂಟು ಕಂಡಲ್ಲಿ ಬಿಚ್ಚಿಸಿ, ಉಳಿದವರನ್ನು ಒಳಗೆ ಬಿಡುತ್ತಿದ್ದರು. ಇಂಥ ಅಧಿಕಾರ ಕೋಚಿಗಲ್ಲದೆ ಇನ್ನಾರಿಗಿದ್ದೀತು? ಮೈಕು ಹಿಡಿದು, ಇವತ್ತು ಚೆಂಡೆಸೆಯುವ ಪಿಚರ್ ಬಗ್ಗೆ ಏನು ಹೇಳುತ್ತೀರಿ ಎಂದೆ.

"ಬಲಗಾಲು ಎಳೀತಾನೆ. ಐದನೇ ಇನ್ನಿಂಗ್ಸಿಗೆ ಸುಸ್ತಾಗ್ತಾನೆ," ಎಂದರು.

ಐದನೇ ಇನ್ನಿಂಗ್ಸಿನಲ್ಲಿ ಅವನು ಸುಸ್ತಾದ. ನಿಜವಾದ ಕೋಚ್ ಮಾರ್ಟಿ ಡುಶೇನ್ ಆ ಹೊತ್ತಿನಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ಸೂರ್ಯಕಾಂತಿ ಬೀಜ ಜಗಿಯುತ್ತಿದ್ದ. ಅವನನ್ನು ಮೈದಾನ ಗುಡಿಸುವವನೆಂದು ತಿಳಿದು, ವೈರು ತುಳಿಯಬೇಡ, ಆಚೆ ಹೋಗು ಎಂದಿದ್ದೆ. ಪಾಪ, ಹೋಗಿದ್ದ.

ಆ ಚಾಲಕಿ, ಆರ್ಡಿಸ್ ಕ್ವಾಲೆ, ಮೂವತ್ತು ಬೇಸಿಗೆಗಳಿಂದ ಈ ತಂಡವನ್ನು ಊರಿಂದೂರಿಗೆ ಹೊತ್ತು ತಿರುಗಿದವರು. ಬಸ್ಸಿನ ಇಕ್ಕಟ್ಟಾದ ನಡುದಾರಿಯಲ್ಲಿ ಓಡಾಡಿ ಓಡಾಡಿ, ಅಮೆರಿಕದ ಡಕೋಟಾದ ದಿಗಂತದವರೆಗೆ ಹರಡಿದ ಬಯಲಿನಲ್ಲೂ ಅವರು ಒಂದು ಭುಜ ಮುಂದೆ ಮಾಡಿ ಓರೆಯಾಗಿಯೇ ನಡೆಯುತ್ತಿದ್ದರು. "ಹೂಂ" ಎಂಬುದನ್ನು ಉಸಿರು ಒಳಗೆಳೆದುಕೊಂಡು ಹೇಳುತ್ತಿದ್ದರು. ಒಪ್ಪಿಗೆಯನ್ನು ಕೊಡುವ ಬದಲು ಹಿಂದಕ್ಕೆ ಪಡೆಯುತ್ತಿದ್ದಾರೇನೋ ಅನ್ನಿಸುತ್ತಿತ್ತು. ಬೀಜದ ಸಿಪ್ಪೆ ಉಗಿಯಲು ಪ್ರತಿಯೊಬ್ಬನಿಗೂ ಒಂದು ಕಾಗದದ ಲೋಟ ಕೊಡುತ್ತಿದ್ದರು, ಇಳಿಯುವಾಗ ಲೋಟ ತೋರಿಸಬೇಕು. ನನ್ನನ್ನು ಆ ದಿನದಿಂದ "ರೇಡಿಯೊ" ಎಂದೇ ಕರೆದರು. ನನ್ನ ತಾಯಿ ಇಟ್ಟ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ ತಿಳಿಯದು.

ಅದೇ ಜೂನಿನಲ್ಲಿ ಮೂರು ಊರುಗಳ, ಆರು ದಿನಗಳ ಪ್ರವಾಸ. ಚಾಲಕಿಯ ಹಿಂದಿನ ಸೀಟಿನಲ್ಲಿ ಗ್ಯಾರೆಟ್ ಪೋಗ್ ಎಂಬ ಕ್ಯಾಚರ್, ಅಂದರೆ ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನು, ಕೂತಿದ್ದ. ಅರ್ಕನ್ಸಾದ ಹುಡುಗ, ಆಗಷ್ಟೇ ಕಾಲೇಜು ಮುಗಿಸಿದವನು. ನಮ್ಮ ಕಾಯಂ ಕ್ಯಾಚರ್ ಇನ್ನೂ ತನ್ನ ಕಾಲೇಜಿನ ಪಂದ್ಯಗಳಲ್ಲಿ ಸಿಕ್ಕಿಕೊಂಡಿದ್ದರಿಂದ, ಅವನು ಬರುವ ತನಕ ಇವನನ್ನು ಹತ್ತು ದಿನದ ಕರಾರಿನ ಮೇಲೆ ತಂದಿದ್ದರು. ಬೇಸಿಗೆ ತಂಡಗಳ ರಿವಾಜೇ ಅದು. ಹುಡುಗರು ಅವನಿಗೆ ಅದನ್ನೇ ಹೆಸರಾಗಿಟ್ಟಿದ್ದರು.

"ಏ ಹತ್ತು ದಿನ, ಕಿಟಕಿ ಮುಚ್ಚೋ, ಧೂಳು ಬರ್ತಿದೆ."

"ಇನ್ನೂ ಆರು ಉಳಿದಿದೆ ಕಣ್ರೋ. ನಿಧಾನಕ್ಕೆ ಮುಚ್ತೀನಿ."

ಮೊದಲ ದಿನವೇ ಅವನು ನನಗೂ ಆರ್ಡಿಸ್‌ಗೂ ತನ್ನ ಇಕ್ಕಟ್ಟು ಹೇಳಿಕೊಂಡಿದ್ದ. ಊರಿನ ಹಳೆಯ ಶಾಲೆಯಲ್ಲಿ ಗಣಿತದ ಪಾಠ ಹೇಳಿ ಮಕ್ಕಳಿಗೆ ಆಟ ಕಲಿಸುವ ಕೆಲಸ ಅವನಿಗಾಗಿ ಕಾದಿತ್ತು; ಶನಿವಾರ ಮಧ್ಯಾಹ್ನದೊಳಗೆ ಹೂಂ ಅಥವಾ ಊಹೂಂ ಅನ್ನಬೇಕು. ಅತ್ತ ಇಲಿನಾಯ್‌ನ ತಂಡವೊಂದು, ಇಲ್ಲಿ ಮುಗಿದರೆ ಅಲ್ಲಿಗೆ ಬಾ ಎಂದಿತ್ತು. ಅದೂ ಹತ್ತು ದಿನಕ್ಕೆ.

"ಹತ್ತು ಹತ್ತು ಅಂತಾನೇ ಮೂರು ಬೇಸಿಗೆ ಕಳೆದೆ, ಮೇಡಂ," ಎಂದು ಪೋಗ್ ನಕ್ಕ. ಆರ್ಡಿಸ್ ಉಸಿರು ಒಳಗೆಳೆದು ಹೂಂ ಎಂದು ಗೇರು ಬದಲಿಸಿದರು.

ಆರ್ಡಿಸ್ ಅವರ ಕಿವಿಯ ಮಹಿಮೆ ನನಗೆ ಗೋಚರಿಸಿದ್ದು ಟಾರ್ಸ್ಟಾಡ್ ಎಂಬ ಊರಿನಲ್ಲಿ. ಮೈದಾನದ ಎಡಗೋಡೆಯ ಹೊರಗೆ ಬಸ್ಸು ನಿಂತಿತ್ತು. ಆರ್ಡಿಸ್ ಗೋಡೆಗೆ ಬೆನ್ನು ಹಾಕಿ, ವಿನಿಗರಿನಲ್ಲಿ ಅದ್ದಿದ ಪತ್ರಿಕೆಯಿಂದ ಮುಂಗಾಜಿಗೆ ಅಂಟಿ ಸತ್ತ ಹುಳುಗಳನ್ನು ಉಜ್ಜುತ್ತಿದ್ದರು. ಒಳಗೆ ಬ್ಯಾಟಿಂಗ್ ಅಭ್ಯಾಸ. ಕಾಲೇಜಿನಲ್ಲಿ ಲೋಹದ ಬ್ಯಾಟು ಬೀಸಿ ಬೆಳೆದ ಹುಡುಗರು ಬೇಸಿಗೆಯಲ್ಲಿ ಮರದ ಬ್ಯಾಟು ಹಿಡಿಯಬೇಕು. ಲೋಹ ಮುಚ್ಚಿಟ್ಟ ತಪ್ಪನ್ನೆಲ್ಲ ಮರ ಊರಿಗೆಲ್ಲ ಕೇಳುವಂತೆ ಹೇಳಿಬಿಡುತ್ತದೆ. ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಗೋಡೆಯಾಚೆ ಇಣುಕುತ್ತಿದ್ದೆ. ಟಕ್ ಎಂದಿತು. "ಗೋಡೆ ದಾಟುತ್ತೆ," ಎಂದರು ಆರ್ಡಿಸ್, ತಿರುಗದೆ. ಚೆಂಡು ನನ್ನ ತಲೆಯ ಮೇಲೆ ಹಾದು ಬೀಟ್‌ರೂಟಿನ ಹೊಲಕ್ಕೆ ಬಿತ್ತು. "ನೆಲ ಹಿಡೀತು." ಹಿಡಿದಿತ್ತು. "ತುದಿಗೆ ತಾಗ್ತು. ಕೈ ಜುಮ್ ಅಂದಿರುತ್ತೆ ಅವನಿಗೆ." ಆ ಹುಡುಗ ಕೈ ಕೊಡವುತ್ತಿದ್ದ. ನಲವತ್ತು ಹೊಡೆತಗಳವರೆಗೆ ನಾನು ಎಣಿಸಿದೆ, ಒಂದೂ ತಪ್ಪಲಿಲ್ಲ. ಎರಡು ಕಣ್ಣು, ಒಂದು ದುರ್ಬೀನು, ಪತ್ರಿಕೋದ್ಯಮದ ಒಂದು ಪದವಿ ಇಟ್ಟುಕೊಂಡೂ ಎಷ್ಟೋ ಸಲ ಚೆಂಡು ಎಲ್ಲಿ ಬಿತ್ತೆಂದು ತಿಳಿಯದೆ ವಿಶೇಷಣಗಳಿಂದ ಹೊತ್ತು ತುಂಬಿಸುವ ನಾನು, ದೇವಸ್ಥಾನದೊಳಗೆ ಚಪ್ಪಲಿ ಹಾಕಿಕೊಂಡು ಬಂದವನಂತೆ ಕುಗ್ಗಿಹೋದೆ.

ನಲವತ್ತೊಂದನೆಯ ಸದ್ದಿಗೆ ಅವರ ಕೈ ನಿಂತಿತು.

"ಪೋಗ್," ಎಂದರು.

"ಚೆಂಡು ಎಲ್ಲಿಗೆ ಹೋಯ್ತು?" ಎಂದೆ.

"ಒಳ್ಳೆ ಹುಡುಗ," ಎಂದು ಮತ್ತೆ ಗಾಜು ಉಜ್ಜತೊಡಗಿದರು. ನಾನು ಇಣುಕಿದೆ. ಚೆಂಡು ಅವನ ತಲೆಯ ಮೇಲೆ ನೆಟ್ಟಗೆ ಎದ್ದು ಅವನ ಕಾಲ ಬಳಿಯೇ ಬಿದ್ದಿತ್ತು.

ಶುಕ್ರವಾರ ಪಂದ್ಯ ಮುಗಿದ ಮೇಲೆ ಮಾರ್ಟಿ, ಪೋಗ್‌ನ ಹೆಗಲ ಮೇಲೆ ಕೈ ಹಾಕಿ, ಕಾಯಂ ಕ್ಯಾಚರ್ ಬರುತ್ತಿದ್ದಾನೆಂದು ತಿಳಿಸಿದ. "ಜಾಗ ಇಲ್ಲ ಕಣಪ್ಪ, ಅಷ್ಟೇ. ನಿನ್ನಂಥವನು ಎಲ್ಲಾದ್ರೂ ಮೇಲೆ ಬಂದೇ ಬರ್ತಾನೆ." ಅದೇ ಪಂದ್ಯದಲ್ಲಿ ಮೂರು ಸಲ ಗಾಳಿಗೆ ಬ್ಯಾಟು ಬೀಸಿ ಔಟಾದವನಿಗೆ ನಾನೂ ರೇಡಿಯೊದಲ್ಲಿ "ಉಜ್ವಲ ಭವಿಷ್ಯ" ಎಂದು ದಯಪಾಲಿಸಿದ್ದೆ.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ನಾವು ಹೊರಡಬೇಕು. ಪೋಗ್‌ನನ್ನು ದಕ್ಷಿಣಕ್ಕೆ ಒಯ್ಯುವ ಬಸ್ಸು ಬರುವುದು ಹತ್ತೂವರೆಗೆ. ಆರ್ಡಿಸ್ ಎಂಜಿನ್ ಆರಿಸಿ, ಬೀಗದ ಕೈಯನ್ನು ಕೋಟಿನ ಜೇಬಿಗೆ ಹಾಕಿದರು. ಕರಾರು ಮುಗಿದವನನ್ನು ರಸ್ತೆ ಬದಿಯಲ್ಲಿ ಒಂಟಿಯಾಗಿ ಬಿಟ್ಟುಹೋಗುವುದು ಅವರ ಬಸ್ಸಿನಲ್ಲಿ ಎಂದೂ ನಡೆದಿರಲಿಲ್ಲ.

"ಆರ್ಡಿಸ್, ಅಭ್ಯಾಸ ತಪ್ಪಿಹೋಗುತ್ತೆ," ಎಂದ ಮಾರ್ಟಿ.

"ನಿನ್ನೆ ನಿನ್ನ ಹುಡುಗರು ಆಡಿದ್ದು ಕೇಳಿಸ್ಕೊಂಡೆ. ಒಂದು ಗಂಟೆ ಅಭ್ಯಾಸದಿಂದ ಅದು ವಾಸಿ ಆಗೋದಲ್ಲ. ಹೋಗಿ ಕಾಫಿ ಕುಡಿ."

ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ನಾವು ಮೂವರೂ ಒಂದೇ ಮೇಜಿಗೆ ಕೂತೆವು. ಪೋಗ್ ಪ್ಯಾನ್‌ಕೇಕಿನ ಮೇಲೆ ಪಾಕ ಸುರಿದ, ಆದರೆ ತಿನ್ನಲಿಲ್ಲ.

"ಮೇಡಂ, ಎಲ್ರೂ ಒಂದೊಂದು ಹೇಳ್ತಾರೆ. ನೀವು ಮೂವತ್ತು ವರ್ಷ ಕೇಳಿದೀರಿ. ನನ್ನ ಬ್ಯಾಟಲ್ಲಿ ಆ ಸದ್ದು ಇದೆಯಾ?"

"ಇಲ್ಲ."

ಅವನು ಮುಳ್ಳುಚಮಚ ಕೆಳಗಿಟ್ಟ. "ಇನ್ನೂ ಅಭ್ಯಾಸ ಮಾಡಿದ್ರೆ?"

"ಈಗಲೇ ಎಲ್ಲರಿಗಿಂತ ಜಾಸ್ತಿ ಮಾಡ್ತಿದೀಯಲ್ಲ ಮಗಾ."

ನಾನು ಮಧ್ಯೆ ಬಾಯಿ ಹಾಕಿ ಏನೋ ಸಿಹಿಯಾದದ್ದನ್ನು ಹೇಳಲು ಹೊರಟೆ. ಆರ್ಡಿಸ್ ನನ್ನ ಕಡೆ ಕಾಫಿ ಜಗ್ಗು ತಳ್ಳಿದರು. ಪೋಗ್ ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ ಎದ್ದು ಹೊರಗೆ ಹೋದ. ಕಿಟಕಿಯಲ್ಲಿ ಅವನು ಫೋನು ಕಿವಿಗಿಟ್ಟುಕೊಂಡು, ಬಸ್ಸಿಗೆ ಒರಗಿ, ನೆಲವನ್ನು ಕಾಲಿನಿಂದ ಕೆರೆಯುತ್ತಿರುವುದು ಕಾಣುತ್ತಿತ್ತು. ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು.

"ಆಗಸ್ಟಿಂದ ಬರ್ತೀನಿ ಅಂದೆ, ಶಾಲೆಗೆ," ಎಂದು ಹೇಳಿ, ತಣ್ಣಗಾದದ್ದನ್ನೆಲ್ಲ ತಿಂದು, ಇನ್ನೊಂದು ತಟ್ಟೆ ತರಿಸಿದ. ಬಸ್ಸು ಬಂದಾಗ ಆರ್ಡಿಸ್ ತಾವೇ ಅವನ ಚೀಲ ಎತ್ತಿಟ್ಟು, ಆ ಬಸ್ಸಿನ ಚಾಲಕನಿಗೆ ಅದರ ಟೈರಿನ ಬಗ್ಗೆ ಎರಡು ಮಾತು ಬೈದು, ಓರೆಯಾಗಿ ನಡೆದು ಬಂದರು.

ದಾರಿಯಲ್ಲಿ ನಾನು ಖಾಲಿಯಾದ ಆ ಸೀಟಿನಲ್ಲಿ ಕೂತೆ. ಪರರ ಕನಸುಗಳನ್ನು ಬದುಕಿಡೀ ಸಾಗಿಸುವ ಜನರ ಒಂದು ಕುಲವಿದೆ. ಅವರು ಆಡುವುದಿಲ್ಲ, ಗೆಲ್ಲುವುದಿಲ್ಲ, ಚಪ್ಪಾಳೆಯ ಸದ್ದು ಅವರಿಗೆ ಗೋಡೆಯಾಚೆಯಿಂದ ಬರುತ್ತದೆ. ನಮ್ಮಂಥವರು ಹೊಗಳಿಕೆಯನ್ನು ಧಾರಾಳವಾಗಿ ಹಂಚುತ್ತೇವೆ, ಏಕೆಂದರೆ ಅದರ ಪರಿಣಾಮ ನೋಡಲು ನಾವು ಅಲ್ಲಿರುವುದಿಲ್ಲ. ಆ ಕುಲದವರು ಹುಡುಗರನ್ನು ಕರೆದೊಯ್ದವರೂ ಹೌದು, ಮರಳಿ ಕಳಿಸಿಕೊಟ್ಟವರೂ ಹೌದು, ಆದ್ದರಿಂದಲೇ ಸುಳ್ಳು ಹೇಳುವಷ್ಟು ನಿರ್ದಯತೆ ಅವರಿಗೆ ಸಾಧ್ಯವಾಗುವುದಿಲ್ಲ. ಇದನ್ನೆಲ್ಲ ಈಗ ಬರೆಯುತ್ತಿದ್ದೇನೆ. ಆಗ ನನಗೆ ಬಂದದ್ದು ಸಿಟ್ಟು.

"ಒಂದು ವೇಳೆ ನಿಮ್ಮ ಕಿವಿ ತಪ್ಪಿದ್ರೆ?" ಎಂದೆ. "ಅವನಿಗೆ ನಿಜವಾಗ್ಲೂ ಆಟ ಇದ್ದಿದ್ರೆ?"

ಆರ್ಡಿಸ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಇದ್ದಿದ್ರೆ ಅವನು ಫೋನ್ ಮಾಡ್ತಿರಲಿಲ್ಲ."