ಜೀಪು ಬಂದ ದಿನದ ರಜೆ

ಎಂಬತ್ತೆರಡನೇ ಇಸವಿಯ ಮಾತು. ತಾವರಗೇರಾದಿಂದ ಒಳಗಿರುವ ಆ ಊರಿನ ಶಾಲೆಗೆ ಸಾಹೇಬರ ಜೀಪು ಬರುತ್ತದೆಂದರೆ ಅದಕ್ಕೊಂದು ಪದ್ಧತಿಯಿತ್ತು. ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಓದಲು ಬಾರದ ಮಕ್ಕಳಿಗೆ ರಜೆ. ಹೆಡ್‌ಮಾಸ್ತರ ದೇವೇಂದ್ರಪ್ಪನವರು ಹಿಂದಿನ ದಿನವೇ ಹೇಳಿ ಕಳಿಸುತ್ತಿದ್ದರು. ತಂದೆತಾಯಂದಿರೂ ಊರಿನ ಮಾನ ಉಳಿಯಲೆಂದು ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುತ್ತಿದ್ದರು. ಮಕ್ಕಳನ್ನು ಬಚ್ಚಿಟ್ಟರೆ ಉಳಿಯುವ ಮಾನ ಅದೆಂಥದೋ ದೇವರೇ ಬಲ್ಲ.

ಗಾಳೆಮ್ಮನೂ ಹಾಗೆಯೇ ಮಾಡಿದವಳು. ಮಗಳು ಹುಲಿಗೆಮ್ಮನಿಗೆ ಕಿವಿ ಮಂದ. ಎದುರಿಗೆ ನಿಂತು ಬಾಯಿ ಕಾಣುವಂತೆ ಮಾತಾಡಿದರೆ ಎಲ್ಲ ತಿಳಿಯುತ್ತಿತ್ತು. ಆದರೆ ಶಾಲೆಯಲ್ಲಿ ಅವಳ ಜಾಗ ಹಿಂದಿನ ಗೋಡೆಯ ಬುಡ. ಮುಂದೆ ಕೂರಿಸಿರೆಂದು ಎಷ್ಟು ಸಲ ಕೇಳಿದರೂ ಮಾಸ್ತರರದು ಒಂದೇ ಮಾತು: ಕಿವುಡರಿಗೆ ಹಿಂದಾದರೇನು, ಮುಂದಾದರೇನು. ಕೇಳಿ ಕೇಳಿ ಗಾಳೆಮ್ಮನಿಗೆ ಸಾಕಾಗಿ ಹೋಗಿತ್ತು.

ಈ ಸಲ ಆಸ್ಪತ್ರೆಯ ನರ್ಸ್ ಸರ್ದಾರಬೀ ಒಂದು ಸುದ್ದಿ ತಂದಳು. ಇಂಥ ಮಕ್ಕಳನ್ನು ನೋಡಲೆಂದೇ ರಾಯಚೂರಿನಿಂದ ಅಧಿಕಾರಿ ಬರುತ್ತಾರೆ, ಕಿವಿಗೆ ಮಶೀನು ಕೊಡಿಸುತ್ತಾರೆ, ಎಲ್ಲಿ ಕೂರಿಸಬೇಕು, ಹೇಗೆ ಕಲಿಸಬೇಕು ಎಂದು ಮಾಸ್ತರರಿಗೆ ಹೇಳಿ ಹೋಗುತ್ತಾರೆ.

“ಹುಡುಗಿ ಅವರ ಕಣ್ಣಿಗೆ ಬೀಳದಿದ್ರ ಏನೂ ಸಿಗಂಗಿಲ್ಲ. ನೀ ಮುಂದ ನಿಂತು ಮಾತಾಡು. ಅದು ನಿನ್ನ ಹಕ್ಕೈತಿ,” ಎಂದಳು.

ಹಕ್ಕು ಎಂಬ ಮಾತನ್ನು ಗಾಳೆಮ್ಮ ಹೊಲಮನೆಯ ವ್ಯಾಜ್ಯದಲ್ಲಿ ಕೇಳಿದ್ದಳು. ಶಾಲೆಯಲ್ಲೂ ಇರುತ್ತದೆಂದು ಗೊತ್ತಿರಲಿಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ. ಅಧಿಕಾರಿ ಬರುವ ಹಿಂದಿನ ದಿನ ಹುಲಿಗೆಮ್ಮನಿಗೆ ಎಂದಿನಂತೆ ರಜೆಯೆಂದು ಹೇಳಿಕೆ ಬಂತು. ಗಾಳೆಮ್ಮ ಒಪ್ಪಲಿಲ್ಲ. ಬೆಳಿಗ್ಗೆಯೇ ಮಗಳಿಗೆ ಹೆರಳು ಹಾಕಿ, ತಾನೇ ಕರೆತಂದು ಎಲ್ಲರಿಗಿಂತ ಮುಂದೆ ಕೂರಿಸಿ, ಹೊರಗಿನ ಕಟ್ಟೆಯ ಮೇಲೆ ಕಾದಳು. ದೇವೇಂದ್ರಪ್ಪನವರು ಹಲ್ಲು ಕಡಿದು, ಬಾಗಿಲ ತೋರಣ ಸರಿಪಡಿಸಲು ಹೋದರು.

ಜೀಪು ಬಂತು. ಗಾಳೆಮ್ಮ ಸೆರಗು ಸರಿಮಾಡಿಕೊಂಡು ಅಧಿಕಾರಿಯನ್ನು ಒಳಗೆ ಕರೆತಂದರೆ ಮಗಳ ಜಾಗ ಖಾಲಿ. ಕಿಟಕಿಯಲ್ಲಿ ಜೀಪು ಕಂಡದ್ದೇ ಹುಲಿಗೆಮ್ಮ ಪಾಟಿಚೀಲ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಜಾರಿದ್ದಳು. ಜೀಪು ಕಂಡರೆ ಹೊಲಕ್ಕೆ ಬಂದುಬಿಡು ಎಂದು ಹಿಂದೊಮ್ಮೆ ತಾಯಿಯೇ ಹೇಳಿಕೊಟ್ಟಿದ್ದಳು. ಇವತ್ತು ಹೋಗಬೇಡ ಎಂದು ಹೇಳುವುದನ್ನು ಮರೆತಿದ್ದಳು.

“ನೋಡ್ರಿ ಸಾಹೇಬ್ರ, ಹುಡುಗಿಗೇ ಸಾಲಿ ಬ್ಯಾಡಾಗೈತಿ. ನಾವರ ಏನು ಮಾಡೂಣು?” ಎಂದರು ದೇವೇಂದ್ರಪ್ಪನವರು. ದನಿ ಬೆಣ್ಣೆಯಷ್ಟು ಮೃದುವಾಗಿತ್ತು.

ಗಾಳೆಮ್ಮ ಹೊಲಕ್ಕೆ ಓಡಿದಳು. ಜೋಳದ ನಡುವೆ ಅಡಗಿ ಕೂತಿದ್ದ ಹುಲಿಗೆಮ್ಮ, ಜಾಣತನದ ಕೆಲಸ ಮಾಡಿದವಳಂತೆ ತಾಯಿಯನ್ನು ನೋಡಿ ನಕ್ಕಳು. ಹೊಡೆಯಲೆಂದು ಎತ್ತಿದ ಗಾಳೆಮ್ಮನ ಕೈ ತಾನಾಗಿ ಕೆಳಗಿಳಿಯಿತು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕು? ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದಾಗ ಜೀಪು ಹೊರಟು ನಿಂತಿತ್ತು. ಗಾಳೆಮ್ಮ ಅದಕ್ಕೆ ಅಡ್ಡ ನಿಂತಳು.

ತಡವಾಯಿತು, ಬರುವ ವರ್ಷ ನೋಡೋಣ ಎಂದರು ಅಧಿಕಾರಿ.

“ಆಕಿ ಸಾಲಿ ಬ್ಯಾಡಂತ ಓಡಿ ಹೋಗಿಲ್ರಿ, ಸಾಹೇಬ್ರ. ನಾವೆಲ್ಲ ಸೇರಿ ಆಕಿಗೆ ಕಲಿಸಿದ್ದು ಇದೊಂದ. ಅದನ್ನ ತಪ್ಪಿಲ್ಲದಂಗ ಕಲ್ತಾಳ,” ಎಂದಳು ಗಾಳೆಮ್ಮ.

ಅಧಿಕಾರಿಗೆ ಅರ್ಥವಾಗಲಿಲ್ಲ. ಜೀಪಿನಿಂದಲೇ ಬಗ್ಗಿ ಹುಡುಗಿಯ ಹೆಸರು ಕೇಳಿದರು. ಹುಲಿಗೆಮ್ಮ ಅವರ ಬಾಯಿ ನೋಡಿದಳು. ಪ್ರಶ್ನೆ ತಿಳಿಯಿತು. ಆದರೆ ಉತ್ತರಿಸುವ ಮೊದಲು ಹೆಡ್‌ಮಾಸ್ತರರ ಕಡೆ ತಿರುಗಿ, ಹೇಳಲೋ, ಹೊಲಕ್ಕೆ ಹೋಗಲೋ ಎಂದು ಕೈಸನ್ನೆಯಲ್ಲಿ ಕೇಳಿದಳು.

ದೇವೇಂದ್ರಪ್ಪನವರು ನೆಲ ನೋಡಿದರು. ಅಧಿಕಾರಿ ಡ್ರೈವರನಿಗೆ ಇಂಜಿನ್ ಬಂದ್ ಮಾಡಲು ಹೇಳಿದರು.