ಹಿಂದೂಪುರದ ಧರ್ಮೇಂದ್ರ ಸಾರ್

ಧರ್ಮೇಂದ್ರ ಹೆಂಡತಿ ತ್ರಿವೇಣಿಯ ಫೋನಿನ ಪರದೆಯನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತಲೇ ಇದ್ದ. ಫ್ಲೆಕ್ಸ್ ಅಂಗಡಿಯವನಿಗೆ ಹತ್ತು ಗಂಟೆಯೊಳಗೆ ಒಂದು ಫೋಟೋ ಕಳಿಸಬೇಕಾಗಿತ್ತು. ಕಣ್ಣಿಗೆ ಬೀಳುತ್ತಿದ್ದುದೆಲ್ಲ ಆಟದ ಸಾಮಾನು. ಮಡಚಿದರೆ ಲಾರಿಯೋ ಕಾರೋ ಆಗಿ, ಬಿಚ್ಚಿದರೆ ಮನುಷ್ಯನ ಹಾಗೆ ನಿಲ್ಲುವ ರೋಬೋಗಳು. ಅವುಗಳ ಮೊಣಕಾಲು, ಭುಜ, ಬೆನ್ನು, ಚಕ್ರ. ಎಲ್ಲೋ ಒಂದೊಂದರಲ್ಲಿ ತ್ರಿವೇಣಿಯ ಹೆಬ್ಬೆರಳು. ಮುಖ ಎಲ್ಲೂ ಇರಲಿಲ್ಲ.

"ಸಾಕು ಬಿಡು ಬಾವ," ಅಂದ ನರೇಂದ್ರ. ಅವನು ತ್ರಿವೇಣಿಯ ತಮ್ಮ. ತಾಯಿ ಕೊಂಡಮ್ಮನನ್ನು ಕರೆದುಕೊಂಡು ಕಲ್ಯಾಣದುರ್ಗದಿಂದ ಬೆಳಿಗ್ಗೆಯೇ ಬಂದಿದ್ದ. "ಫ್ಯಾಕ್ಟರಿ ಐಡಿ ಕಾರ್ಡಲ್ಲಿ ಐತಲ್ಲ, ಅದನ್ನೇ ದೊಡ್ಡದು ಮಾಡ್ತಾರೆ."

"ಅದ್ರಾಗೆ ಕಣ್ಣು ಮುಚ್ಕೊಂಡವ್ಳೆ ಕಣಪ್ಪ."

ನರೇಂದ್ರ ಮನೆಯ ಮುಂದೆ ಶಾಮಿಯಾನದ ಕೆಳಗೆ ಮಲಗಿಸಿದ್ದ ಅಕ್ಕನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದ. ಹಿಂದಿನ ದಿನ ಬೆಳಿಗ್ಗೆ ಶಿಫ್ಟಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದವಳು ಹಾಗೇ ಕುಸಿದಿದ್ದಳು. ನಲವತ್ತೊಂಬತ್ತು ವರ್ಷ. ಗಾರ್ಮೆಂಟ್ಸಿನಲ್ಲಿ ಅವಳದು ಚೆಕಿಂಗ್ ಕೆಲಸ. ಶರ್ಟಿನ ಮೇಲೆ ಕೈಯಾಡಿಸಿದರೆ ಸಾಕು, ಹೊಲಿಗೆ ಎಲ್ಲಿ ಬಿಟ್ಟಿದೆಯೋ ಅಲ್ಲಿಗೆ ಬೆರಳು ಹೋಗಿ ನಿಲ್ಲುತ್ತಿತ್ತು ಎಂದು ಜೊತೆಯ ಹೆಂಗಸರು ಹೇಳಿಕೊಂಡು ಅಳುತ್ತಿದ್ದರು.

ಒಳಗೆ ಹೋಗಿ ಬಂದವರೆಲ್ಲ ಬೀರುವಿನ ಗಾಜಿನ ಹಿಂದೆ ಸಾಲಾಗಿ ನಿಂತಿದ್ದ ನಲವತ್ತು ರೋಬೋಗಳ ವಿಷಯ ಕೇಳುತ್ತಿದ್ದರು. ಅಂಗಡಿ ಇಟ್ಟಿದ್ರಾ ಎಂದು ಒಬ್ಬರು. ಮೊಮ್ಮಕ್ಕಳು ಇನ್ನೂ ಇಲ್ವಲ್ಲ ಎಂದು ಇನ್ನೊಬ್ಬರು. ಎಲ್ಲವನ್ನೂ ಅಂಗನವಾಡಿಗೆ ಕೊಟ್ಟುಬಿಡೋಣ ಎಂದು ನರೇಂದ್ರ ಎರಡು ಸಲ ಹೇಳಿಯಾಗಿತ್ತು. ಅವಳಿಗೆ ಅವು ಯಾಕೆ ಬೇಕಿದ್ದವೋ ಧರ್ಮೇಂದ್ರನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೇ ಅವನನ್ನು ಬೆಳಗಿನಿಂದ ಕೆರಳಿಸುತ್ತಿತ್ತು.

*

ತ್ರಿವೇಣಿಗೆ ಎಂಟು ವರ್ಷವಾಗಿದ್ದಾಗ ಅವಳ ಅಪ್ಪ ಪೆದ್ದಣ್ಣ ಮುಂಬಯಿಯಲ್ಲಿ ಕಡಲೆಕಾಯಿ ಲೋಡು ಇಳಿಸಿ ಬರುವಾಗ ಒಂದು ಕೆಂಪು ಲಾರಿ ತಂದಿದ್ದ. ಅದು ನರೇಂದ್ರನಿಗೆ. ಅಪ್ಪನ ನಿಜವಾದ ಲಾರಿಯ ಕ್ಯಾಬಿನ್ನಿನಲ್ಲಿ ಕೂರಲೂ ಅವನಿಗೇ ಕರೆ ಬರುತ್ತಿತ್ತು. ಆದರೆ ಆಟದ ಲಾರಿಯನ್ನು ಮನುಷ್ಯನಾಗಿ ಬಿಚ್ಚಲು ಅವನಿಗೆ ಬರುತ್ತಿರಲಿಲ್ಲ. ಅತ್ತು ಅಕ್ಕನ ಕೈಗೆ ಕೊಡುತ್ತಿದ್ದ. ಅವಳು ಬಿಚ್ಚಿ ನಿಲ್ಲಿಸಿದ ಕೂಡಲೇ ಕಿತ್ತುಕೊಳ್ಳುತ್ತಿದ್ದ. ತಿಂಗಳಾಗುವುದರೊಳಗೆ ಅದನ್ನು ಬಾವಿಗೆ ಬೀಳಿಸಿಬಿಟ್ಟ.

ಮೂವತ್ತನಾಲ್ಕು ವರ್ಷ ಕಳೆದ ಮೇಲೆ, ಫ್ಯಾಕ್ಟರಿಯ ಬೋನಸ್ ಬಂದಾಗ, ತ್ರಿವೇಣಿ ಅಂಥದೇ ಕೆಂಪು ಲಾರಿಯನ್ನು ಫೋನಿನಲ್ಲಿ ಹುಡುಕಿ ತರಿಸಿಕೊಂಡಳು. ಪೆಟ್ಟಿಗೆ ಬಂದ ದಿನ ಧರ್ಮೇಂದ್ರ ಮಾರ್ಕೆಟ್ ಯಾರ್ಡಿನಲ್ಲಿ ಹುಣಸೆಹಣ್ಣು ತೂಗಿ ಹಸಿದು ಬಂದಿದ್ದ. ಅವಳು ಅವನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ಇಲ್ಲಿ ನೋಡು, ಈ ಗಾಜು ಹೆಂಗೆ ಎದೆ ಆಯ್ತದೆ ಅಂತ," ಎಂದಿದ್ದಳು.

"ಮಕ್ಕಳಾಟ ಬಿಟ್ಟು ಅನ್ನ ಇಕ್ಕು," ಎಂದಿದ್ದ ಧರ್ಮೇಂದ್ರ.

ಅವಳು ಅರ್ಧ ಬಿಚ್ಚಿದ್ದನ್ನು ಮಡಚಿಟ್ಟು ಅನ್ನ ಇಕ್ಕಿದಳು. ಆಮೇಲೆ ಬಂದ ಯಾವುದನ್ನೂ ಅವನಿಗೆ ತೋರಿಸಲಿಲ್ಲ.

*

ಹನ್ನೊಂದರ ಹೊತ್ತಿಗೆ ಪ್ಲಾಸ್ಟಿಕ್ ಕವರಿನಲ್ಲಿ ಹೂವಿನ ಹಾರ ಹಿಡಿದ ಒಬ್ಬಾತ ಬಂದ. ಶಾಮಿಯಾನದ ಕೆಳಗೆ ಹೆಂಗಸಿನ ಶವ ಕಂಡು, ಮನೆ ತಪ್ಪಿತೆಂದುಕೊಂಡು ರಸ್ತೆಗೆ ವಾಪಸ್ಸು ಹೋದ. ಎದುರು ಮನೆಯವರನ್ನು ಕೇಳಿ ಮತ್ತೆ ಬಂದ.

"ಧರ್ಮೇಂದ್ರ ಸಾರ್ ಮನೆ ಇದೇನಾ?"

"ನಾನೇ ಧರ್ಮೇಂದ್ರ. ಯಾರಪ್ಪ ನೀನು?"

ಆತ ಹಾರ ಹಿಡಿದುಕೊಂಡು ಅವನನ್ನೇ ನೋಡಿದ. ತಾನು ದಯಾನಂದ್, ಬೆಳುಗುಪ್ಪದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಎಂದು ತಡವರಿಸಿದ. ಬೆಳಿಗ್ಗೆ ಮೆಸೇಜಿಗೆ ತೀರಿಕೊಂಡರೆಂಬ ಉತ್ತರ ಬಂತು, ಕಲ್ಯಾಣದುರ್ಗಕ್ಕೆ ಬಂದು ಬಸ್ಸು ಹಿಡಿದೆ ಎಂದ. ಉತ್ತರವನ್ನೂ ವಿಳಾಸವನ್ನೂ ಕಳಿಸಿದ್ದು ತ್ರಿವೇಣಿಯ ಮಗಳು ಅನಿತಾ. ಅವಳು ಎದ್ದು ಬಂದು ಇಬ್ಬರ ನಡುವೆ ನಿಂತಳು.

"ಅಣ್ಣ, ಗ್ರೂಪ್‌ನಾಗೆ ಧರ್ಮೇಂದ್ರ ಅಂತ ಇದ್ದಿದ್ದು ನಮ್ಮಮ್ಮನೇ."

ಮೊದಲು ರೋಬೋ ಕೂಡಿಡುವವರ ಬೇರೊಂದು ಫೋನ್ ಗ್ರೂಪಿನಲ್ಲಿ ಅಮ್ಮ ತನ್ನ ಹೆಸರಿನಲ್ಲೇ ಇದ್ದಳು ಎಂದು ಅನಿತಾ ಹೇಳಿದಳು. ಏನು ಬರೆದರೂ ಮಗನಿಗಾ ಅಕ್ಕಾ ಎಂದು ಕೇಳುತ್ತಿದ್ದರಂತೆ. ಅವಳ ಪ್ರಶ್ನೆಗೆ ಯಾರೂ ಉತ್ತರ ಕೊಡುತ್ತಿರಲಿಲ್ಲವಂತೆ. ಅಪ್ಪನ ಹೆಸರು ಹಾಕಿಕೊಂಡು ಇನ್ನೊಂದಕ್ಕೆ ಸೇರಿದ ದಿನದಿಂದ ಎಲ್ಲರೂ ಸಾರ್ ಸಾರ್ ಎನ್ನತೊಡಗಿದರು.

"ನನ್ನನ್ನ ಒಂದು ಮಾತು ಕೇಳ್ಲಿಲ್ಲ," ಅಂದ ಧರ್ಮೇಂದ್ರ.

"ಕೇಳಿದ್ರೆ ನೀನೇನಂತಿದ್ದೆ ಅಪ್ಪ?"

ದಯಾನಂದ್ ಹಾರವನ್ನು ತ್ರಿವೇಣಿಯ ಪಾದದ ಬಳಿ ಇಟ್ಟ. ಕೊಂಡಮ್ಮ ತಲೆಯೆತ್ತಿ, "ಎವರಪ್ಪಾ ನುವ್ವು? ನಮ್ಮ ಹುಡುಗೀಗೆ ಏನಾಗ್ಬೇಕು?" ತೆಲುಗು ಬೆರೆಸಿ, ಅವನು ಯಾರೆಂದು ಕೇಳಿದಳು. ಆತ ಕೈ ಮುಗಿದು ಪಕ್ಕಕ್ಕೆ ನಿಂತ.

*

ಮಣ್ಣು ಮಾಡಲು ಹೋಗುವಾಗ ದಯಾನಂದ್ ಧರ್ಮೇಂದ್ರನ ಪಕ್ಕದಲ್ಲೇ ನಡೆದ. ಕೇಳದಿದ್ದರೂ ಹೇಳುತ್ತಾ ಹೋದ. ಆ ಹಳೆಯ ಕೆಂಪು ಲಾರಿಯನ್ನು ಕಂಪನಿಯವರು ಈಗ ಹೊಸ ಮಾದರಿಯಲ್ಲಿ ತಂದಿದ್ದಾರೆ. ಹಳೆಯದರಲ್ಲಿ ಲಾರಿಯ ಮುಂಗಾಜೇ ತಿರುಗಿ ರೋಬೋವಿನ ಎದೆಯಾಗುತ್ತದೆ. ಹೊಸದರಲ್ಲಿ ಆ ಗಾಜು ಮಡಚಿ ಬೆನ್ನಿಗೆ ಹೋಗುತ್ತದೆ, ಗಾಜಿನ ಹಾಗೆ ಮಾಡಿದ ಬೇರೊಂದು ತುಂಡು ಒಳಗಿನಿಂದ ಎದೆಗೆ ಬರುತ್ತದೆ. ಅದರಿಂದ ಮೈಕಟ್ಟು ಚೆನ್ನಾಗಿ ಕೂರುತ್ತದೆ ಎಂದು ದಯಾನಂದ್ ವಾದ. ಅದು ಸುಳ್ಳು ಎದೆ, ಲಾರಿ ಮನುಷ್ಯನಾಗಿಲ್ಲ, ಮನುಷ್ಯನ ಹಿಂದೆ ಅವಿತಿದೆ ಎಂದು ಧರ್ಮೇಂದ್ರ ಸಾರ್ ವಾದ. ಆರು ವರ್ಷದಿಂದ ಹೊಸದು ಯಾವುದು ಬಂದರೂ ಇದೇ ಜಗಳ. ಹತ್ತು ದಿನದ ಹಿಂದೆ ಮಾತು ಹೆಚ್ಚಾಗಿ, ಅಡ್ಮಿನ್ ಆಗಿದ್ದ ತಾನು ಸಾರನ್ನು ಗ್ರೂಪಿನಿಂದ ತೆಗೆದೇ ಹಾಕಿದ್ದ. ನಿನ್ನೆ ಸಂಜೆ ಮತ್ತೆ ಸೇರಿಸಿ, ಬೆಳಿಗ್ಗೆ ಮೆಸೇಜು ಹಾಕಿದ್ದ.

"ಸೋತೆ ಅಂತ ಹೇಳಕ್ಕೆ ಬರ್ಲಿಲ್ಲ ಅಣ್ಣ. ನನ್ನ ಮಾತೇ ಸರಿ, ಈಗ್ಲೂ ಅದನ್ನೇ ಹೇಳ್ತೀನಿ. ಆದ್ರೆ ಯಾರಿಗೆ ಹೇಳ್ಲಿ?" ದಯಾನಂದ್ ಎರಡು ಹೆಜ್ಜೆ ಹಿಂದೆ ಉಳಿದು ಮತ್ತೆ ಜೊತೆಗೂಡಿದ. "ಸುಳ್ಳು ಎದೆ ಆಗಲ್ಲ ಅಂತ ನನ್ನ ಹತ್ರ ಅಷ್ಟು ಜಗಳ ಆಡಿದೋರು..."

ಧರ್ಮೇಂದ್ರ ಅವನ ಕಡೆ ತಿರುಗಿದ.

"ಅಷ್ಟೆಲ್ಲ ಬರೀತಿದ್ಲಾ?"

"ಪುಟಗಟ್ಲೆ ಅಣ್ಣ. ಬರೆದ್ರೆ ಯಾರೂ ಎದುರು ಮಾತಾಡಂಗಿರ್ಲಿಲ್ಲ, ನನ್ನೊಬ್ಬನ್ನ ಬಿಟ್ಟು."

ಮನೆಯಲ್ಲಿ ತ್ರಿವೇಣಿ ಒಂದು ಸಲಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಆಡಿದ್ದು ಧರ್ಮೇಂದ್ರನಿಗೆ ನೆನಪಾಗಲಿಲ್ಲ. ಈ ಮನುಷ್ಯನ ಮೇಲೆ ಸಿಟ್ಟು ಬಂತು. ಏನೆಂದು ಸಿಟ್ಟು ಮಾಡುವುದು? ಗುಂಡಿಯ ಬಳಿ ನರೇಂದ್ರ ಕರೆದ. ಮೂರು ಹಿಡಿ ಮಣ್ಣು ಹಾಕಿ ಧರ್ಮೇಂದ್ರ ಹಿಂದೆ ಸರಿದ. ಆತನೂ ಹಾಕಲಿ ಎಂದು ದಯಾನಂದನ ಕಡೆ ಕೈ ತೋರಿಸಿದ.

ಮಧ್ಯಾಹ್ನ ಸ್ನಾನ ಮುಗಿಸಿ, ಒದ್ದೆ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ಅವನು ಜಗಲಿಯ ಮೇಲೆ ಕೂತ. ದಯಾನಂದ್ ಊಟಕ್ಕೆ ನಿಲ್ಲದೆ ಹೊರಟುಹೋಗಿದ್ದ. ತ್ರಿವೇಣಿಯ ಫೋನು ಗುರ್ ಎನ್ನುತ್ತಲೇ ಇತ್ತು. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ದಯಾನಂದ್ ಹಾಕಿದ್ದ ಸುದ್ದಿಗೆ ಅನಂತಪುರದಿಂದ, ಪಾವಗಡದಿಂದ, ಎಲ್ಲೆಲ್ಲಿಂದಲೋ ಉತ್ತರ. ಧರ್ಮೇಂದ್ರ ಸಾರ್ ಆತ್ಮಕ್ಕೆ ಶಾಂತಿ. ಧರ್ಮೇಂದ್ರ ಸಾರ್ ಅಮರ್ ರಹೇ. ದೀಪದ ಚಿತ್ರ, ಕೈ ಮುಗಿದ ಚಿತ್ರ, ಕೆಳಗೆ ಅವನ ಹೆಸರು. ನಡುವೆ ಎಲ್ಲೋ ದಯಾನಂದ್ ಬರೆದ ತಿದ್ದುಪಡಿ ಇತ್ತು. ಅದನ್ನು ಯಾರೂ ಓದಿದಂತಿರಲಿಲ್ಲ. ಅದರ ಕೆಳಗೂ ಧರ್ಮೇಂದ್ರ ಸಾರ್‌ಗೆ ದೀಪಗಳು ಬರುತ್ತಲೇ ಇದ್ದವು.

ಧರ್ಮೇಂದ್ರ ಕನ್ನಡಕ ಹಾಕಿಕೊಂಡ. ಇಂಗ್ಲಿಷ್ ಅಕ್ಷರಗಳಲ್ಲಿ ಅವಳ ಹೆಸರು ಬರೆಯಲು ಒಂದೇ ಬೆರಳಿನಲ್ಲಿ ಟಿ ಒತ್ತಿದ, ಆರ್ ಒತ್ತಿದ. ಫೋನು ತಾನಾಗಿಯೇ ಪದಗಳನ್ನು ಮುಂದಿಟ್ಟಿತು: ಟ್ರಕ್, ಟ್ರೇಲರ್, ಟ್ರೈನ್. ಅವನು ಐ ಒತ್ತಿದ. ಮೂರೂ ಹೋಗಿ ಬೇರೆ ಮೂರು ಬಂದವು. ವಿ ಒತ್ತಿದ. ಆಗಲೂ ಫೋನಿಗೆ ಅವಳ ಹೆಸರು ತೋಚಲಿಲ್ಲ. ಆ ಹೆಸರನ್ನು ಅದರಲ್ಲಿ ಬರೆದು ವರ್ಷಗಳೇ ಆಗಿದ್ದವು. ಧರ್ಮೇಂದ್ರ ಬೆರಳನ್ನು ಮೇಲೆತ್ತಿಕೊಂಡು ಇ ಎಲ್ಲಿದೆ ಎಂದು ಹುಡುಕತೊಡಗಿದ.